ಒಗೆದ ಬೆಡ್‌ಶೀಟು ಕೆಳಗೆ

ಆ ನೋಟ್‌ಬುಕ್ಕಿನ ರಟ್ಟು ಹಸಿರು ಎಂದು ನನ್ನ ಡೈರಿಯಲ್ಲಿದೆ. ಕಣ್ಣು ಮುಚ್ಚಿದರೆ ಕಾಣುವುದು ಕಂದು. ವರ್ಷ 2014 ಇರಬೇಕು, ಅದೂ ಖಾತ್ರಿಯಿಲ್ಲ. ಮಾತುಗಳನ್ನಂತೂ ಎಷ್ಟು ತಿದ್ದಿಕೊಂಡಿದ್ದೇನೋ ನನಗೇ ತಿಳಿಯದು.

ನನ್ನ ಮಾವ್ಶಿ, ಎಂದರೆ ಅಮ್ಮನ ಅಕ್ಕ, ಮಂಗಳೂರಿನಿಂದ ನೈರೋಬಿಗೆ ಬಂದು ಲಂಗಾಟಾದ ಒಂದು ಇಟಾಲಿಯನ್ ಮನೆಯಲ್ಲಿ ಮೂವತ್ತು ವರ್ಷ ದುಡಿದವರು. ಊರಿನವರೆಲ್ಲ ಅವರದು ಆಫೀಸು ಕೆಲಸ ಎಂದುಕೊಂಡಿದ್ದರು. ಅವರೂ ತಿದ್ದಲು ಹೋಗಿರಲಿಲ್ಲ. ಮನೆಯೊಡತಿ ತೀರಿಕೊಂಡ ಮೇಲೆ ಕಿಲಿಮಾನಿಯ ನಮ್ಮ ಫ್ಲ್ಯಾಟಿಗೆ ಬಂದಿದ್ದರು.

ಆ ಒಡತಿಯ ಮೊಮ್ಮಗಳು ನೈರೋಬಿಯದೇ ಗಿಗಿರಿಯಲ್ಲಿ ಕೆಲಸದಲ್ಲಿದ್ದಳು, ಇಂಗ್ಲಿಷಿನಲ್ಲೇ ಬೆಳೆದವಳು. ಅಜ್ಜಿ ಮನೆವಾರ್ತೆಯನ್ನು ಬರೆದಿಟ್ಟ ನೋಟ್‌ಬುಕ್ಕನ್ನು ಇಂಗ್ಲಿಷಿಗೆ ತಂದು, ಅಚ್ಚು ಹಾಕಿಸಿ, ಬಂಧುಗಳಿಗೆ ಹಂಚುವ ಆಸೆ ಅವಳಿಗೆ. ಎಂ.ಎ. ಓದುವಾಗ ಎರಡು ವರ್ಷ ಇಟಾಲಿಯನ್ ಕಲಿತಿದ್ದೆ ಎಂಬ ಒಂದೇ ಧೈರ್ಯದ ಮೇಲೆ ನಾನು ಒಪ್ಪಿಕೊಂಡೆ. ಡಿಕ್ಷನರಿ ಇಂಗ್ಲಿಷ್ ಬೇಡ, ಮನೆಯಲ್ಲಿ ಆಡುವ ಹಾಗಿರಲಿ ಎಂದಿದ್ದಳು.

ಈಗಿನ ಇಟಾಲಿಯನ್ನರೇ ಮರೆತ ಶಬ್ದಗಳು ಅದರಲ್ಲಿದ್ದವು. ಹಿಟ್ಟು ನಾದಿ ಮುಚ್ಚಿಡುವ ಮರದ ಪೆಟ್ಟಿಗೆಗೆ ಒಂದು, ಬಟ್ಟೆ ಬೆಳ್ಳಗಾಗಲು ಬೂದಿಯಿಂದ ಇಳಿಸುವ ನೀರಿಗೆ ಒಂದು. ನಾನು ಪುಟ ತಿರುವುತ್ತ ಕೂತರೆ ಮಾವ್ಶಿ ಗಾಳಿಯಲ್ಲೇ ಕೈಯಾಡಿಸಿ ತೋರಿಸುತ್ತಿದ್ದರು. "ಬೂದಿ ನೀರು ನಮ್ಮಲ್ಲೂ ಉಂಟಲ್ಲ ಮಾರಾಯ್ತಿ. ನೀನು ಡಿಟರ್ಜೆಂಟ್ ಅಂತ ಬರೆದ್ರೆ ನಗ್ತಾರೆ."

ಒಂದು ಭಾನುವಾರ, ಅವರು ಸುಕುಮಾ ಸೊಪ್ಪು ಹೆಚ್ಚುತ್ತಿದ್ದಾಗ, ಬೆಡ್‌ಶೀಟುಗಳ ಪುಟ ಓದಿದೆ. ಒಗೆದು ಇಸ್ತ್ರಿ ಮಾಡಿದ್ದನ್ನು ಕಪಾಟಿನಲ್ಲಿ ಪೇರಿಸಿಟ್ಟ ಅಟ್ಟಿಯ ಮೇಲಿಡಬೇಕು ಎಂದು ನನ್ನ ಇಂಗ್ಲಿಷಿನಲ್ಲಿತ್ತು.

"ಮೇಲೆ ಅಂತ ಯಾರು ಹೇಳಿದ್ದು?"

"ಅಜ್ಜಿ ಕೆಳಗೆ ಅಂತ ಬರ್ದಿದ್ರು. ಕೈತಪ್ಪಿ ಬರ್ದದ್ದು ಅಂದ್ಕೊಂಡೆ."

"ನಿನ್ನ ಎಂ.ಎ. ದಂಡ! ಮೇಲಿಟ್ರೆ ಪ್ರತಿ ವಾರ ಅದೇ ಎರಡನ್ನ ತೆಗೆದು ಹಾಸ್ತಾರೆ. ಅವು ಹರಿದು ಹೋಗ್ತದೆ, ಅಡಿಯದ್ದು ಕೂತಲ್ಲೇ ಹಳದಿ ಆಗ್ತದೆ. ಒಗೆದದ್ದು ಕೆಳಗೆ, ತೆಗೆಯುವುದು ಮೇಲಿಂದ. ಆಗ ಎಲ್ಲ ಒಟ್ಟಿಗೆ ಮುದಿ ಆಗ್ತದೆ."

ಓದಿದವಳು ನಾನು, ಮಾಡಿದವರು ಅವರು. ತಪ್ಪಿಲ್ಲದ ಸಾಲನ್ನು ತಿದ್ದಿದ್ದೆ. ‘ಮೇಲೆ’ ಹೊಡೆದುಹಾಕಿ ‘ಕೆಳಗೆ’ ಎಂದು ಬರೆದೆ.

ಅದೇ ಪುಟದ ಕೊನೆಯಲ್ಲಿ ಮಾವ್ಶಿ ಇದ್ದರು, ಹೆಸರಿಲ್ಲದೆ: ನಮ್ಮ ಗ್ವಾರ್ದರೋಬಿಯೇರಾ ಮಾಡುವ ಹಾಗೆ ಮಾಡಬೇಕು, ಎಂದು. ಹಳೆಯ ದೊಡ್ಡ ಮನೆಗಳಲ್ಲಿ ಹಾಸು ಹೊದಿಕೆ, ಮೇಜುಬಟ್ಟೆಗಳನ್ನು ಎಣಿಸಿ, ಹೊಲಿದು, ಇಸ್ತ್ರಿ ಹಾಕಿ ಕಾಯುವ ಹೆಂಗಸಿಗೆ ಆ ಮಾತು. ನನ್ನ ಕರಡು ನೋಡಿದ ಮೊಮ್ಮಗಳು ಅದರ ಪಕ್ಕ ಪೆನ್ಸಿಲಿನಲ್ಲಿ ‘ಮೇಡ್’ ಎಂದು ಗುರುತು ಹಾಕಿದ್ದಳು.

ಮಾವ್ಶಿ ಕನ್ನಡಕ ಏರಿಸಿ ಅದನ್ನು ನೋಡಿದರು. "ಮೇಡ್ ಅಂತೆ. ಬಟ್ಟೆ ಕೋಣೆಯ ಬೀಗದಕೈ ಯಜಮಾನಿ ಸಿನ್ಯೋರಾ ಹತ್ರ ಕೂಡ ಇರ್ಲಿಲ್ಲ, ನನ್ನ ಹತ್ರ ಇತ್ತು."

"ಹೌಸ್‌ಕೀಪರ್ ಅಂತ ಹಾಕ್ಲಾ?"

"ಅದು ಬೇರೆಯವಳು, ಅಡಿಗೆಮನೆ ನೋಡಿಕೊಳ್ತಿದ್ದವಳು. ಸುಳ್ಳು ಬರೀಬೇಡ."

ಅವರ ಮೂವತ್ತು ವರ್ಷ ಅಚ್ಚಿನಲ್ಲಿ ಬರುವುದು ಈ ಒಂದು ಸಾಲಿನಲ್ಲಿ ಮಾತ್ರ, ಮತ್ತು ಆ ಸಾಲು ನನ್ನ ಕೈಯಲ್ಲಿತ್ತು. ಊರಿಗೂ ಒಂದು ಪ್ರತಿ ಕಳಿಸೋಣ ಎಂದು ಅವರು ಒಮ್ಮೆ ಅಂದಿದ್ದರು. ಅಥವಾ ಅಂದದ್ದು ನಾನೋ, ನೆನಪಿಲ್ಲ. ಕೊನೆಗೆ ನಾನು ಊರಿನವರಿಗೆ ಅರ್ಥವಾಗದ ಆ ಇಟಾಲಿಯನ್ ಶಬ್ದವನ್ನೇ ಹಾಗೇ ಬಿಟ್ಟೆ. ಅದು ಗೌರವವೋ ಹೇಡಿತನವೋ ಇವತ್ತಿಗೂ ನಿರ್ಧರಿಸಲಾಗಿಲ್ಲ. ಅಚ್ಚಿಗೆ ಕೊಡುವ ಮುಂಚೆ, ಆ ಭಾನುವಾರವೇ, ಅವರನ್ನೇ ಕೇಳಿದ್ದೆ. ಅವರು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಹಾಗಾದ್ರೆ ಮಾವ್ಶಿ, ನಿಮ್ಮನ್ನ ನಾನು ಏನಂತ ಬರೀಲಿ?"