ಕಣ್ಣಳತಿ

ಹೋದ ವಾರ ಸಿಂಧನೂರಾಗ ಮಗಳ ಯೂನಿಫಾರ್ಮಿಗೆ ಅಳತಿ ಕೊಡಿಸಾಕ ಹೋಗಿದ್ದೆ. ಟೇಲರ್ ಕೊರಳಾಗಿನ ಟೇಪು ತೆಗೆದು ಆಕಿ ಹೆಗಲಿಗೆ ಹಚ್ಚಿದ. ಆ ಟೇಪಿನ ವಾಸನಿ, ಹೊಸ ಬಟ್ಟಿ ವಾಸನಿ… ನಮ್ಮ ಎದುರಮನಿ ದೊಡ್ಡವ್ವ ನೆನಪಾದಳು.

ಜವಳಗೇರಾ ಹತ್ತಿರ ನಮ್ಮೂರು. ದೊಡ್ಡವ್ವ ಭತ್ತದ ನಾಟಿಗೆ ಹೋಗಾಕಿ, ಬಾಯಿ ಜೋರು. ಊರಿಗೆಲ್ಲ ಒಬ್ಬನೇ ಟೇಲರ್. ಉಳಿದವರಿಗೆ ಟೇಪು ಹಚ್ಚಾಂವ, ನಮ್ಮ ಕೇರಿಯವರು ಹೋದ್ರ ಅಂಗಡಿ ಕಟ್ಟಿ ಕೆಳಗ ನಿಲ್ಲಿಸಿ ಮ್ಯಾಲಿಂದ ಕೆಳತನಕ ಒಂದ್ಸಲ ನೋಡಾಂವ. ಅದಕ್ಕ ಕಣ್ಣಳತಿ ಅಂತಿದ್ದ. ನಿಮ್ಮನ್ನ ಮುಟ್ಟಂಗಿಲ್ಲ ಅನ್ನೋದಕ್ಕ ಅಂವ ಇಟ್ಟ ಮರ್ಯಾದಿ ಹೆಸರು! ನಮ್ಮ ಅಂಗಿ ಮೊಣಕಾಲಿಗೆ ಜೋಲ್ತಿದ್ದವು. ಸಾಲ್ಯಾಗ ಯಾರು ಯಾವ ಕೇರಿ ಅಂತ ಕೇಳೋದೇ ಬ್ಯಾಡಾಗಿತ್ತು.

ಏಳನೇ ಕ್ಲಾಸಿನ್ಯಾಗಿದ್ದಾಗ ಲಿಂಗಸುಗೂರಿನ ಭಾಷಣ ಸ್ಪರ್ಧೆಗೆ ನನ್ನ ಆರಿಸಿದ್ರು. ಆ ಜೋಲು ಅಂಗಿ ಹಾಕ್ಕೊಂಡು ಸ್ಟೇಜ್ ಹತ್ತಂಗಿಲ್ಲ ಅಂತ ಅತ್ತೆ. ಅವ್ವ ಸುಮ್ಮನಿರು ಅಂದಳು. ದೊಡ್ಡವ್ವ ಮಾತ್ರ ನನ್ನ ರಟ್ಟಿ ಹಿಡಿದು ಟೇಲರ್ ಅಂಗಡಿಗೆ ಎಳಕೊಂಡು ಹೋದಳು. ಗೌಡರ ಮಗ ಅಳತಿ ಕೊಡಾಕ ಒಳಗ ನಿಂತಿದ್ದ.

"ಈ ಹುಡುಗಿಗೆ ಟೇಪು ಹಚ್ಚಿ ಅಳತಿ ತಗೋಪಾ" ಅಂದಳು.

"ಕಣ್ಣಾಗ ಐತಿ, ಹೋಗಬೇ."

"ನಿನ್ನ ಕಣ್ಣು ಅಷ್ಟು ಚಲೋ ಇದ್ರ ಗೌಡರ ಮಗಗೂ ಕಣ್ಣಳತಿನೇ ಹೊಲಿ. ನಾ ನೋಡ್ತೀನಿ."

ನಾಕು ಮಂದಿ ನಕ್ಕರು. ಟೇಲರಗ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನೀನೇ ಅಳಕೋ" ಅಂತ ಟೇಪು ಕಟ್ಟಿ ಕೆಳಗ ಒಗೆದ. ಅಲ್ಲೇ ತಪ್ಪಿದ ನೋಡ್ರಿ. ದೊಡ್ಡವ್ವ ಅವಸರ ಮಾಡಲಿಲ್ಲ. ನನ್ನ ಹೆಗಲಿಗೆ, ಎದಿಗೆ, ತೋಳಿಗೆ ಸುತ್ತಿದಳು. ಆಕಿಗೆ ಅಂಕಿ ಓದಾಕ ಬರ್ತಿರಲಿಲ್ಲ, ನಾನೇ ಒದರಿದೆ. ಆಮ್ಯಾಲೆ ತನ್ನ ಸೊಂಟಕ್ಕೂ ಒಮ್ಮೆ ಸುತ್ತಿಕೊಂಡು, ಕಟ್ಟಿ ಹತ್ತಿ, ಟೇಪನ್ನ ಅವನ ಮಿಷನ್ ಮ್ಯಾಲೆ ಇಟ್ಟಳು.

"ಇದು ಈಗ ನಮ್ಮನ್ನ ಮುಟ್ಟೇತಿ. ಅವರಿಗೆ ಹಚ್ಚತೀಯೋ, ಒಗಿತೀಯೋ?"

ಅಂಗಡ್ಯಾಗ ಇದ್ದದ್ದು ಅದೊಂದೇ ಟೇಪು. "ಲಗೂ ಮುಗಿಸೋ, ಬಸ್ಸು ಹೋಗ್ತೈತಿ" ಅಂದ ಗೌಡರ ಮಗ. ಟೇಲರ್ ಅದೇ ಟೇಪು ಎತ್ತಿ ಅವನ ಹೆಗಲಿಗೆ ಹಚ್ಚಿದ. ಇನ್ನ ಅವನ ಹತ್ರ ನೆಪ ಎಲ್ಲಿತ್ತು? ಮರುದಿನದಿಂದ ನಮ್ಮ ಕೇರಿಯವರು ಕಟ್ಟಿ ಹತ್ತಿದ್ರು. ಮಾರಿ ಗಂಟು ಹಾಕ್ಕೊಂಡೇ ಅಳತಿ ತಗೊಂಡ. ಹಾಕ್ಕೊಳ್ಳಲಿ ಬಿಡ್ರಿ. ಸ್ಪರ್ಧೆಯಾಗ ನನಗ ಬಹುಮಾನ ಬರಲಿಲ್ಲ, ಅಂಗಿ ಮಾತ್ರ ಮೈಗೆ ಸರಿಯಾಗಿ ಕುಂತಿತ್ತು.

ನಾನೀಗ ಟೀಚರ್, ಮಸ್ಕಿಗೆ ವರ್ಗ ಆಗೇತಿ. ಮೊನ್ನೆ ಅಲ್ಲಿ ಒಂದು ಗೇಟಿಗೆ ಬಾಡಿಗೆ ಬೋರ್ಡ್ ಹಾಕಿದ್ದು ನೋಡಿ ಮನಿ ಕೇಳಾಕ ಹೋದೆ. "ನೀವು ಯಾವ ಪೈಕಿರೀ ಟೀಚರ್?" ಅಂದ್ರು ಮಾಲಕ್ರು. ದನಿ ತಗ್ಗಿಸದೆ ನಮ್ಮ ಜಾತಿ ಹೇಳಿದೆ. ಮನಿ ಆಗಲೇ ಕೊಟ್ಟೀವಿ ಅಂದ್ರು. "ಹಂಗಾದ್ರ ಗೇಟಿನ ಬೋರ್ಡ್ ಇಳಸ್ರಿ, ನಾ ನಿಂತಿರ್ತೀನಿ" ಅಂದೆ. ಇಳಿಸೋ ತನಕ ಅಲ್ಲಾಡಲಿಲ್ಲ.

ಬಸ್ಸಿನ್ಯಾಗ ಕುಂತ ಮ್ಯಾಲೆ ಇದನ್ನ ದೊಡ್ಡವ್ವಗ ಹೇಳಬೇಕು ಅನ್ನಿಸಿತು. ಆಕಿ ಸತ್ತು ಎರಡು ವರ್ಷಾತು… ಕಣ್ಣಾಗ ನೀರು ಬಂತು, ಸುಳ್ಳು ಯಾಕ ಹೇಳ್ಲಿ. ಮನಿ ಇನ್ನೂ ಸಿಕ್ಕಿಲ್ಲ. ನಾಳೆ ಮತ್ತೆರಡು ನೋಡಾಕ ಹೊಂಟೀನಿ. ಯಾವ ಪೈಕಿ ಅಂತ ಕೇಳಿದ್ರ, ಅದನ್ನೇ ಹೇಳ್ತೀನಿ.