ರಶೀದ್ ಸಾಬರ ಚಿಮಟ

ಚಿತ್ರದುರ್ಗದ ಸಂತೆಹೊಂಡದ ಕಡೆಯಿಂದ ಹಳೆಯ ಊರಿನೊಳಕ್ಕೆ ಹೋಗುವ ಓಣಿಯೊಂದರಲ್ಲಿ ಅಬ್ದುಲ್ ರಶೀದ್ ಅವರ ಅಂಗಡಿ ಇತ್ತು. ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಅದರ ಹಿಂದೆಯೇ ಮನೆ. ನಡುವೆ ಒಂದು ಪರದೆ. ಮೊದಲು ಅಲ್ಲಿ ಗಡಿಯಾರ ರಿಪೇರಿ ನಡೆಯುತ್ತಿತ್ತು. ಸಾಬರ ತಂದೆಯೂ ಅದೇ ಕಸುಬಿನವರು. ಮೊಬೈಲು ಬಂದು ಜನ ಕೈಗೆ ಗಡಿಯಾರ ಕಟ್ಟುವುದನ್ನೇ ಬಿಟ್ಟ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಸಾಬರು ಕಂಪ್ಯೂಟರ್ ರಿಪೇರಿ ಕಲಿತರು. ಕಲಿಸಿದವನ ವಯಸ್ಸು ಅವರದರಲ್ಲಿ ಅರ್ಧ.

"ನಾಚ್ಕೆ ಯಾಕ್ರಿ ಮೇಷ್ಟ್ರೆ? ಕಲಿಸಿದೋನು ಉಸ್ತಾದ್. ಅವನಿಗೆ ಮೀಸೆ ಬಂದಿರ್ಲಿ, ಬರ್ದೇ ಇರ್ಲಿ" ಎಂದು ನನಗೆ ಹೇಳಿ ನಗುತ್ತಿದ್ದರು.

ಕಸುಬು ಬದಲಾದರೂ ಗಡಿಯಾರದ ಚಿಮಟವನ್ನು ಮಾತ್ರ ಅವರು ಬಿಡಲಿಲ್ಲ. ಕಂಪ್ಯೂಟರಿನ ಮೆದುಳಿನಂತಿರುವ ಪ್ರೊಸೆಸರನ್ನು ಉಳಿದವರೆಲ್ಲ ಎರಡು ಬೆರಳಿನಲ್ಲಿ ಅಂಚು ಹಿಡಿದು, ಎಲ್ಲ ಭಾಗಗಳೂ ಜೋಡಣೆಯಾಗುವ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಕೂರಿಸುತ್ತಾರೆ. ಸಾಬರದು ಚಿಮಟವೇ. ಕೈಬೆವರು ತಾಗಿದ ಯಂತ್ರ ಉಳಿಯುವುದಿಲ್ಲ ಎಂದು ಅವರ ತಂದೆ ಹೇಳಿದ್ದರಂತೆ. ಉಸಿರು ಬಿಗಿಹಿಡಿದು ಅವರು ಅದನ್ನು ಇಳಿಸುವುದನ್ನು ನೋಡಲೆಂದೇ ನಾನು ಎಷ್ಟೋ ಸಲ ಸುಮ್ಮನೆ ಹೋಗಿ ನಿಂತಿದ್ದೇನೆ.

ಎರಡು ವರ್ಷಗಳ ಹಿಂದೆ ಅವರ ಬಲಗೈ ನಡುಗತೊಡಗಿತು. ಮೊದಮೊದಲು ಚಳಿ ಎಂದರು, ಆಮೇಲೆ ನಿದ್ದೆಗೇಡು ಎಂದರು. ವೈದ್ಯರು ಇದು ವಾಸಿಯಾಗುವಂಥದ್ದಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬಹುದು ಎಂದರು. ಆ ಮಾತನ್ನು ಸಾಬರು ಯಾರಿಗೂ ಹೇಳಲಿಲ್ಲ. ನನಗೆ ಹೇಳಿದವರು ಅವರ ಹೆಂಡತಿ ಖಾತುನ್ ಬೀ. ಅಂದಿನಿಂದ ಸಾಬರು ಓಣಿಗೆ ಬೆನ್ನು ಮಾಡಿಕೊಂಡು ಕೆಲಸಕ್ಕೆ ಕೂರುತ್ತಿದ್ದರು.

ಹೋದ ವರ್ಷ ಯುಗಾದಿಗೆ ಮುಂಚೆ ಅನುಪಮಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಗಂಡ ತೀರಿಕೊಂಡ ಮೇಲೆ ಭರಮಸಾಗರದಲ್ಲಿ ಒಂದು ಕೋಣೆ ಹಿಡಿದು ಕಂಪ್ಯೂಟರಿನಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡಿಕೊಟ್ಟು ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ಆ ಕಂಪ್ಯೂಟರ್ ನಿಂತರೆ ಮನೆಯ ಒಲೆ ನಿಂತಂತೆ. ಕೆಟ್ಟುಹೋಗಿದ್ದ ಅದನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದಳು.

ಸಾಬರು ಬಿಚ್ಚಿ ನೋಡಿದರು. "ಮದರ್‌ಬೋರ್ಡ್ ಹೋಗೈತೆ ತಂಗಿ. ಇಲ್ಲಿ ಉಬ್ಬೈತೆ ನೋಡು."

"ಹೊಸಾದು ಹಾಕ್ಸಾಕೆ ಬಾಳ ಆಗ್ತೈತಾ ರಶೀದಣ್ಣ?"

"ಹೊಸಾ ಬೋರ್ಡಿಗೆ ನಿನ್ ಹಳೇ ಪ್ರೊಸೆಸರ್ ಕೂರಲ್ಲ, ರ‍್ಯಾಮೂ ಕೂರಲ್ಲ. ಎಲ್ಲಾ ಹೊಸಾದೇ ಆಗ್ಬೇಕು. ಅದ್ಯಾಕೆ? ಇದೇ ನಮೂನೆ ಹಳೇ ಬೋರ್ಡ್ ದಾವಣಗೆರೆಯಿಂದ ತರ್ಸಾಣ. ಮಿಕ್ಕಿದ್ದೆಲ್ಲಾ ನಿಂದೇ ಹಾಕಾಣ."

"ಹಳೇದು ತಡಿತೈತಾ?"

"ನಾನು ತಡಿತಿಲ್ವಾ?" ಎಂದರು ಸಾಬರು. ಅನುಪಮಾ ನಕ್ಕಳು.

ಬೋರ್ಡು ಬಂದ ದಿನ ಅವಳ ಜೊತೆ ನಾನೂ ಹೋಗಿದ್ದೆ. ಪ್ರೊಸೆಸರ್ ಕೂರುವ ಜಾಗದಲ್ಲಿ ಕೂದಲಿಗಿಂತ ತೆಳ್ಳಗಿನ ನೂರಾರು ತಂತಿಮೊನೆಗಳು ಒತ್ತಾಗಿ ನಿಂತಿರುತ್ತವೆ. ನಾಲ್ಕು ಬಾಗಿದರೂ ಬೋರ್ಡು ಕೆಲಸಕ್ಕೆ ಬಾರದು. ಸಾಬರು ಚಿಮಟವನ್ನು ಒರೆಸಿಕೊಂಡರು.

ಪರದೆಯ ಬಳಿ ಕುಳಿತು ಸೀರೆಗೆ ಕುಚ್ಚು ಕಟ್ಟುತ್ತಿದ್ದ ಖಾತುನ್ ಬೀ ತಲೆಯೆತ್ತಿದರು. "ಇವತ್ತೊಂದಿನ ಬೆರಳಲ್ಲೇ ಹಿಡೀರಿ."

"ಗಡಿಯಾರದೋನಿಗೆ ಬುದ್ಧಿ ಹೇಳ್ತೀಯಾ? ನಿನ್ ಕುಚ್ಚು ನೀ ಕಟ್ಟು."

ಪ್ರೊಸೆಸರ್ ಮೇಲೆದ್ದಿತು, ಬೋರ್ಡಿನ ಹತ್ತಿರ ಬಂದಿತು. ಕೈ ನಡುಗಿತು. ಚಿಮಟ ಜಾರಿ ಆ ಬಿಲ್ಲೆ ಮೂಲೆ ಮುಂದಾಗಿ ತಂತಿಗಳ ಮೇಲೆ ಬಿದ್ದಿತು. ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೂಜಿಯಿಂದ ಬಾಗಿದವನ್ನು ನೆಟ್ಟಗೆ ಮಾಡಲು ಹೋದರು. ಕೈ ನಿಲ್ಲದೆ ಪಕ್ಕದವೂ ಬಾಗಿದವು. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು.

"ಏನಾತು ರಶೀದಣ್ಣ?"

ಬಂದದ್ದೇ ಕೆಟ್ಟ ಬೋರ್ಡು ಎಂದಿದ್ದರೆ ನಾವು ನಂಬುತ್ತಿದ್ದೆವು. ಹಳೆಯ ಮಾಲು, ಯಾರು ಕೇಳುತ್ತಿದ್ದರು?

"ಬೋರ್ಡ್ ಚೆನ್ನಾಗೇ ಇತ್ತು ತಂಗಿ. ಹಾಳು ಮಾಡಿದೋನು ನಾನು" ಎಂದರು.

ಅನುಪಮಾ ಬಿಕ್ಕುತ್ತಾ ಸೆರಗು ಬಾಯಿಗಿಟ್ಟಳು. "ಮೂರು ಮದುವೆ ಒಪ್ಕಂಡಿದೀನಿ ಅಣ್ಣ. ಶುಕ್ರವಾರ ಕಾರ್ಡ್ ಕೊಡ್ಬೇಕು. ಅವರು ಬೇರೆ ಕಡೆ ಹೋದ್ರೆ ಇನ್ನು ತಿರುಗಿ ಬರಲ್ಲ."

ಸಾಬರ ಮೇಜಿನ ಮೇಲೆ ಅವರದೇ ಒಂದು ಕಂಪ್ಯೂಟರ್ ಇತ್ತು. ಗಿರಾಕಿಗಳು ತಂದ ಭಾಗಗಳನ್ನೆಲ್ಲ ಅದಕ್ಕೆ ಜೋಡಿಸಿಯೇ ಪರೀಕ್ಷಿಸುತ್ತಿದ್ದರು, ಅದಿಲ್ಲದೆ ಕಸುಬಿಲ್ಲ. ಅನುಪಮಾಳ ಕಂಪ್ಯೂಟರನ್ನು ಸಾಬರೇ ಜೋಡಿಸಿಕೊಟ್ಟ ವರ್ಷವೇ ಇದನ್ನೂ ಜೋಡಿಸಿದ್ದು. ಬೋರ್ಡಿನ ನಮೂನೆಯೂ ಒಂದೇ. ಸಾಬರು ಅದರ ವೈರು ಕಿತ್ತು ಸ್ಕ್ರೂ ಬಿಚ್ಚತೊಡಗಿದರು.

"ಅದ್ಯಾಕೆ ಬಿಚ್ತೀರಿ? ಬ್ಯಾಡ ರಶೀದಣ್ಣ, ನಿಮ್ ಕೆಲ್ಸ ನಿಂತೋಗ್ತೈತೆ!"

ಅವರು ಉಳಿದ ಸ್ಕ್ರೂಗಳನ್ನೂ ಬಿಚ್ಚಿದರು. ಬೋರ್ಡನ್ನು ಹೊರತೆಗೆದರು. ಅದರಲ್ಲಿದ್ದ ಪ್ರೊಸೆಸರ್ ನಿಧಾನದ್ದು, ಅವಳ ಕೆಲಸಕ್ಕೆ ಸಾಲದು, ಅದನ್ನೂ ತೆಗೆದಿಟ್ಟರು. ಇನ್ನು ಅವಳದನ್ನು ಕೂರಿಸಬೇಕು. ಸಾಬರು ಚಿಮಟವನ್ನು ಕೈಗೆತ್ತಿಕೊಂಡರು. ಬಹಳ ಹೊತ್ತು ಅದರ ತುದಿಯನ್ನೇ ನೋಡಿ, ಡ್ರಾಯರಿನೊಳಗೆ ಹಾಕಿ ಮುಚ್ಚಿದರು.

"ಖಾತುನ್, ಬಾ ಇಲ್ಲಿ. ಕೈ ತೊಳ್ಕಂಡು ಒರೆಸ್ಕಂಡು ಬಾ."

"ನಂಗೇನ್ ಗೊತ್ರಿ ಅದೆಲ್ಲ?"

"ಕುಚ್ಚಿನ ಮಣಿ ಹಿಡೀತೀಯಲ್ಲ, ಹಂಗೆ ಅಂಚು ಹಿಡಿ. ಆ ಗುರುತು ಈ ಕಡೆ ಬರ್ಲಿ. ಒತ್ತಬ್ಯಾಡ. ಇಳ್ಸಿ ಬಿಡು, ತಾನೇ ಕೂರ್ತದೆ."

ಹೇಳಿಕೊಡುವಾಗ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಖಾತುನ್ ಬೀ ಇಳಿಸಿದರು. ಅದು ಕುಳಿತಿತು. ಉಳಿದ ವೈರುಗಳನ್ನು ಸಾಬರೇ ಸಿಕ್ಕಿಸಿದರು. ಕಂಪ್ಯೂಟರಿನ ಪರದೆ ಬೆಳಗಿದಾಗ ಅನುಪಮಾ ಇಬ್ಬರಿಗೂ ಕೈಮುಗಿದಳು.

"ನಂಗೂ ಕೂಲಿ ಕೊಡ್ರಿ ಉಸ್ತಾದ್" ಎಂದರು ಖಾತುನ್ ಬೀ, ಗಂಡನ ಮುಖ ನೋಡುತ್ತಾ.

ಸಾಬರು ನಗಲು ನೋಡಿದರು. "ಇನ್ನೊಂದ್ಸಲ ಕೆಟ್ರೆ ಇಲ್ಲಿಗೆ ತರಬ್ಯಾಡ ತಂಗಿ" ಎಂದರು.

ಅವಳು ಹೋದ ಮೇಲೆ ನಾನು, "ನೀವು ಹೇಳಿಕೊಡಿ, ಅವರು ಮಾಡಲಿ. ಅಂಗಡಿ ಯಾಕೆ ಮುಚ್ಚಬೇಕು?" ಎಂದೆ.

"ಅವ್ಳಿಗೆ ಅವ್ಳ ಕೆಲ್ಸ ಐತೆ ಮೇಷ್ಟ್ರೆ. ನಂದು ಅಂತ ಒಂದು ಕೈ ಇತ್ತು, ಅದರಿಂದ ಅಂಗಡಿ ಇತ್ತು."

ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವವರಿದ್ದಾರೆ. ಮೊನ್ನೆ ನಾನೂ ಸಾಬರೂ ಓಣಿಯ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದಾಗ, ಮತ್ತೋಡಿನ ಕಡೆಯವನೊಬ್ಬ ಕಂಪ್ಯೂಟರ್ ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಬಂದ.

"ಯಜಮಾನ್ರೆ, ರಶೀದ್ ಸಾಬರ ಅಂಗಡಿ ಯಾವ್ದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸಾಬರು, "ಅವ್ರು ಕೆಲ್ಸ ಬಿಟ್ರಪ್ಪ" ಎಂದರು.

"ಅಯ್ಯೋ. ಅವರ ಕೈ ಬಾಳ ನಯ ಅಂತ ಹೇಳಿ ಕಳ್ಸಿದ್ರು."

"ಹೂಂ. ಬಸ್ ಸ್ಟ್ಯಾಂಡ್ ಹತ್ರ ಹೋಗು, ಹುಡುಗ್ರು ಅವ್ರೆ. ಎಲ್ಲಾ ಹೊಸಾದು ಹಾಕ್ಸು ಅಂತಾರೆ, ಒಪ್ಕಬ್ಯಾಡ. ಬೋರ್ಡ್ ಹೋಗಿದ್ರೆ ಅದೇ ನಮೂನೆದು ಹುಡುಕ್ಸು. ಪ್ರೊಸೆಸರ್, ರ‍್ಯಾಮ್ ನಿಂದೇ ಇರ್ಲಿ."

ಅವನು ತಲೆಯಾಡಿಸಿ ಹೊರಟ. ಅವನು ಓಣಿಯ ತಿರುವು ದಾಟುವವರೆಗೂ ಸಾಬರು ಹೆಗಲ ಮೇಲಿನ ಆ ಡಬ್ಬಿಯನ್ನೇ ನೋಡುತ್ತಿದ್ದರು.