ಕಸದ ಡಬ್ಬಿ ಇಲ್ಲದ ಮನೆಯ ಖಾಲಾ

ಓದು ಬರಹ ಬಾರದ ಹೆಂಗಸಿಗೆ ಸರ್ಟಿಫಿಕೇಟ್ ಸಿಗುವುದು ಆಗದ ಮಾತು ಎಂದವಳು ನಾನು. ಬೇರೆ ಯಾರಾದರೂ ಅಂದಿದ್ದರೆ ಇದನ್ನು ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ಹೆಂಗಸಿನ ಬಲಗೈ ಹೆಬ್ಬೆರಳು ನಡುಮಧ್ಯೆ ಸೀಳಿತ್ತು. ಉಗುರಿನಿಂದ ಹೊರಟ ಗೀರು ಬೆರಳಿನ ಮೆತ್ತನೆಯ ಭಾಗವನ್ನು ಎರಡು ಹೋಳು ಮಾಡಿ ಗೆಣ್ಣಿನ ಹತ್ತಿರ ನಿಂತಿತ್ತು. ಹರೆಯದಲ್ಲಿ ದಬ್ಬಣ ಜಾರಿ ಆದ ಗಾಯ. ಮಂಡಿಪೇಟೆಯ ಅಂಗಡಿಗಳಿಂದ ಬರುವ ಹರಕು ಗೋಣಿಚೀಲಗಳಿಗೆ ತೇಪೆ ಹಾಕಿ, ಸುತಳಿಯಿಂದ ಹೊಲಿದು ವಾಪಸ್ ಕಳಿಸುವುದು ಅವರ ಕೆಲಸ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ. ಇಡೀ ಓಣಿ ಅವರನ್ನು ಖಾಲಾ ಎನ್ನುತ್ತಿತ್ತು. ಅವರ ಮನೆಮಾತು ಉರ್ದುವಿನಲ್ಲಿ ಹಾಗೆಂದರೆ ಚಿಕ್ಕಮ್ಮ. ನನ್ನ ಅಪ್ಪ ಅದೇ ಮಂಡಿಪೇಟೆಯಲ್ಲಿ ಹಮಾಲಿ. ಅಪ್ಪ ಬೆನ್ನ ಮೇಲೆ ಹೊತ್ತ ಚೀಲಗಳಲ್ಲಿ ಖಾಲಾ ಹೊಲಿದವು ಎಷ್ಟಿದ್ದವೋ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಒಲೆ, ಟೀವಿ, ಬಂದು ಹೋಗುವ ನೆಂಟರು ಎಲ್ಲ. ಓದಲು ಜಾಗ ಕೊಟ್ಟವರು ಖಾಲಾ. ಅವರ ಹಿಂದಿನ ಕೋಣೆಯಲ್ಲಿ ಸೂರು ಮುಟ್ಟುವಂತೆ ಚೀಲಗಳನ್ನು ಒಟ್ಟಿರುತ್ತಿದ್ದರು. ಗೋಣಿ ಸದ್ದನ್ನು ನುಂಗುತ್ತದೆ. ಒಳಗೆ ಕೂತರೆ ಬಾಗಿಲ ಮುಂದಿನ ಲಾರಿಯ ಹಾರ್ನ್ ಕೂಡ ಊರ ಹೊರಗಿನ ಆವರಗೆರೆಯ ಆಚೆ ಎಲ್ಲೋ ಕೂಗಿದಂತೆ ಕೇಳುತ್ತಿತ್ತು. ಮೂರು ವರ್ಷದ ಬಿ.ಎಸ್ಸಿ.ಯನ್ನು ನಾನು ಆ ಚೀಲಗಳ ನಡುವೆ ಓದಿದೆ. ಪುಸ್ತಕ ಹೊರಲು ಗೋಣಿಯ ಕೈಚೀಲವೊಂದನ್ನೂ ಹೊಲಿದುಕೊಟ್ಟಿದ್ದರು. ಕಾಲೇಜಿನಲ್ಲಿ ಅದನ್ನು ನೋಡಿ ನಕ್ಕವರಿದ್ದರು, ನಾನು ಬಿಡಲಿಲ್ಲ.

"ಹಮಾಲನ ಮಗಳು ಡಿಗ್ರಿ ಮುಗಿಸೋದಾ? ಆಗದ ಮಾತು" ಎಂದಿದ್ದ ದೊಡ್ಡಪ್ಪ, ನನ್ನ ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ನಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ನಾನು ಕಾಗದವನ್ನು ಖಾಲಾ ಮುಂದೆ ಹಿಡಿದೆ.

"ಬರೇ ತೋರಿಸಿದ್ರೆ ನಂಗೇನ್ ತಿಳೀತೈತೆ ಬೇಟಿ? ಓದು."

ಓದಿದೆ.

"ಜೋರಾಗಿ ಓದು. ಕಟ್ಟೆ ಮ್ಯಾಲೆ ಕೂತೋರಿಗೂ ಕೇಳ್ಲಿ."

ದೊಡ್ಡಪ್ಪನ ದವಡೆ ನಿಂತಿತು. ಅದಕ್ಕಿಂತ ಒಳ್ಳೆಯ ದಿನ ನನಗೆ ಇನ್ನೂ ಬಂದಿಲ್ಲ.

ಇಷ್ಟು ಮಾಡಿದವರ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಹೇಗೆ ಎಂದು ಕೇಳಿದರೆ, ಹುಟ್ಟಿದ್ದು ನಮ್ಮ ಒಲೆಯ ಪಕ್ಕದಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮಕ್ಕಳಿಗೆ ಪರಿಸರದ ಪಾಠ ಮಾಡಿ ಬಂದು, ಮನೆಯಲ್ಲಿ ಕಸವನ್ನು ಹಾಗೇ ಗಾಡಿಗೆ ಸುರಿಯುವುದು ಸರಿ ಕಾಣಲಿಲ್ಲ. ಹಸಿ ಕಸಕ್ಕೆ, ಒಣ ಕಸಕ್ಕೆ, ಉಳಿದದ್ದಕ್ಕೆ ಎಂದು ಮೂರು ಬಣ್ಣದ ಡಬ್ಬಿ ತಂದೆ. ಗೊಬ್ಬರ ಮಾಡುವ ಮುಚ್ಚಳದ ಡ್ರಮ್ ತಂದೆ. ಬಿದಿರಿನ ಹಲ್ಲುಜ್ಜುವ ಬ್ರಷ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್, ಅದರೊಳಗೆ ಎರಡು ಬ್ರಷ್. ಬಿಚ್ಚುವಾಗ ಖಾಲಾ ಬಾಗಿಲಲ್ಲಿ ನಿಂತಿದ್ದರು.

"ಕೂಸು ಸಣ್ಣದು, ಸುತ್ತಿದ ಬಟ್ಟೆ ಭಾರಿ ಆಯ್ತಲ್ಲ ಬೇಟಿ" ಎಂದರು. "ಆ ಗುಳ್ಳೇದು ಬಿಸಾಡಬ್ಯಾಡ, ಇಲ್ಲಿ ಕೊಡು." ಮರುದಿನದಿಂದ ಅದು ಅವರ ಮೊಣಕಾಲ ಕೆಳಗಿನ ದಿಂಬಾಯಿತು. ಅವರಿಗಿಂತ ಮುಂಚೆ ಸತ್ತುಹೋಗುವ ವಸ್ತು ಅವರ ಮನೆಯಲ್ಲಿ ಇರಲಿಲ್ಲವೇನೋ.

ಅವ್ವ ಅವರ ಭಕ್ತೆ. ಊಟವಾದ ಮೇಲೆ ದಿನಾ ಅಲ್ಲಿ ಹೋಗಿ ಕೂರುವಳು, ಬಂದು ನನ್ನ ಮುಂದೆ ವರದಿ ಒಪ್ಪಿಸುವಳು. "ಆಕಿ ಕೊತ್ತಂಬರೀನ ಒದ್ದೆ ಗೋಣೀಲಿ ಸುತ್ತಿ ಇಟ್ಟಾಳೆ, ನಾಕ್ ದಿನ ಆದ್ರೂ ಹಸುರು. ನಿನ್ನ ಫ್ರಿಜ್ಜಿನಾಗೆ ಎರಡೇ ದಿನಕ್ಕೆ ಕೊಳೀತು." ಇನ್ನೊಂದು ದಿನ: "ಆಕಿ ಕಿಡಕಿಗೆ ಒದ್ದೆ ಚೀಲ ಕಟ್ಟ್ಯಾಳೆ. ಒಳಗೆ ಹೋದ್ರೆ ಹೊಳೆ ದಂಡಿ ಇದ್ದಂಗೈತೆ." ನಾನು ಫ್ಯಾನ್ ಜೋರು ಮಾಡಿ ಮಗ್ಗುಲು ಬದಲಿಸುತ್ತಿದ್ದೆ. ನಾನು ಓದಿ ಕಲಿತು, ಸಾಮಾನು ತಂದು, ಪಟ್ಟು ಹಿಡಿದು ಮಾಡುತ್ತಿದ್ದುದನ್ನು ಆ ಹೆಂಗಸು ಬಾಯಲ್ಲಿ ಸುತಳಿ ಕಚ್ಚಿಕೊಂಡು ಮಾಡಿಬಿಡುತ್ತಿದ್ದರು. ಅದು ಮಾಡುವಂಥ ಕೆಲಸವೆಂದೂ ಅವರಿಗೆ ಗೊತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿದ್ದು.

ಒಂದು ಏಪ್ರಿಲ್ ಮಧ್ಯಾಹ್ನ, ಅವ್ವ ಪೇಟೆಗೆ ಹೋದಾಗ, ಖಾಲಾ ಹೊರಗೆ ಒಣಗಲು ಹಾಕಿದ್ದ ಚೀಲಗಳಲ್ಲಿ ಒಂದನ್ನು ಕೇಳದೇ ತಂದೆ. ನೀರಲ್ಲಿ ಅದ್ದಿ ನಮ್ಮ ಕಿಟಕಿಗೆ ಕಟ್ಟಿದೆ. ಅವ್ವ ಬರುವಷ್ಟರಲ್ಲಿ ನಮ್ಮ ಮನೆಯೂ ಹೊಳೆ ದಂಡೆಯಾಗಲಿ ಎಂಬ ಆಸೆ. ಹತ್ತು ನಿಮಿಷ ಆಗಿರಲಿಲ್ಲ, ಗಾಳಿ ಬೀಸಿತು. ಮೊದಲು ಕಣ್ಣು ಉರಿಯಿತು, ಆಮೇಲೆ ಮೂಗು, ಆಮೇಲೆ ಗಂಟಲು. ಕೆಮ್ಮುತ್ತಾ ಓಣಿಗೆ ಓಡಿ ಬಂದೆ. ಖಾಲಾ ದಬ್ಬಣ ಹಿಡಿದುಕೊಂಡೇ ಬಂದರು, ನಮ್ಮ ಹೊಸ್ತಿಲಲ್ಲಿ ನಿಂತು ಒಮ್ಮೆ ಮೂಸಿದರು.

"ಯಾ ಅಲ್ಲಾ! ಬ್ಯಾಡಗಿ ಮೆಣಸಿನಕಾಯಿ ಚೀಲ ಬೇಟಿ ಇದು! ಇದನ್ನ ಮನೆಯೋರ ಕಿಡಕೀಗೆ ಕಟ್ಟಲ್ಲ, ಕಳ್ಳರ ಕಿಡಕೀಗೆ ಕಟ್ಟಬೇಕು." ಹೇಳುತ್ತಾ ಹೇಳುತ್ತಾ ತಾವೂ ಸೀನಿದರು. "ಮೊದಲು ಚೀಲದ ವಾಸನೆ ನೋಡ್ಬೇಕು. ಅಕ್ಕಿದು ಬ್ಯಾರೆ, ಹತ್ತಿಕಾಳಿಂದು ಬ್ಯಾರೆ, ಬೆಲ್ಲದ್ದು ಬ್ಯಾರೆ. ಕೇಳಿದ್ರೆ ನಾನೇ ಆರಿಸಿ ಕೊಡ್ತಿದ್ನಲ್ಲ?"

ಕೇಳದೇ ಒಯ್ದದ್ದಕ್ಕೆ ಒಂದು ಮಾತೂ ಅನ್ನಲಿಲ್ಲ. ಅಕ್ಕಿಯ ಚೀಲವೊಂದನ್ನು ತಂದು ತಾವೇ ಕಟ್ಟಿಹೋದರು. ಸಂಜೆ ಅವ್ವ ಒಳಗೆ ಬಂದವಳೇ, "ಅಬ್ಬ, ಏನ್ ತಂಪು! ಖಾಲಾ ಕಟ್ಟಿದ್ರಾ?" ಎಂದಳು. ಆ ತಂಪಿನಲ್ಲೂ ನಾನು ಎದ್ದು ಫ್ಯಾನ್ ಹಾಕಿದೆ.

ಆ ವರ್ಷವೇ ನಮ್ಮ ವಾರ್ಡಿನಲ್ಲಿ ಮಾದರಿ ಮನೆಯ ಸ್ಪರ್ಧೆ ಬಂತು. ಮನೆಯಲ್ಲೇ ಕಸ ಕಡಿಮೆ ಮಾಡುವವರು ಅರ್ಜಿ ತುಂಬಿ ಕೊಡಬೇಕು, ಅಧಿಕಾರಿಗಳು ಬಂದು ನೋಡುತ್ತಾರೆ, ಮೊದಲ ಮನೆಗೆ ಸರ್ಟಿಫಿಕೇಟ್. ನಾನು ಮೊದಲ ದಿನವೇ ತುಂಬಿ ಕೊಟ್ಟೆ. ಆ ಕಾಗದ ನನ್ನದೇ ಎಂದು ಗೋಡೆಯಲ್ಲಿ ಡಿಗ್ರಿಯ ಪಕ್ಕ ಜಾಗವನ್ನೂ ನೋಡಿಟ್ಟಿದ್ದೆ. ಅಷ್ಟರಲ್ಲಿ ಅವ್ವ ಇನ್ನೊಂದು ಖಾಲಿ ಅರ್ಜಿ ತಂದು ನನ್ನ ಕೈಗಿಟ್ಟಳು. "ಖಾಲಾನ ಹೆಸರಾಗೂ ತುಂಬವ್ವ."

"ಓದೋಕೆ ಬರದೋರಿಗೆ ಸರ್ಟಿಫಿಕೇಟ್ ಕೊಡೋದು ಆಗದ ಮಾತು" ಎಂದೆ. ಬಾಯಿಂದ ಬಿದ್ದ ಮೇಲೆ ಆ ದನಿ ಯಾರದೆಂದು ನನಗೇ ಗೊತ್ತಾಯಿತು. ಅವ್ವನಿಗೂ ಗೊತ್ತಾಗಿರಬೇಕು. ಪೆನ್ನನ್ನೂ ತಂದು ಕೈಗಿಟ್ಟಳು. ಎದ್ದು ಖಾಲಾ ಮನೆಗೆ ಹೋದೆ.

"ನೀರು ಉಳಿಸಲು ಏನು ಮಾಡುತ್ತೀರಿ?" ಎಂದು ಅರ್ಜಿಯಲ್ಲಿದ್ದದ್ದನ್ನು ಓದಿದೆ.

"ಏನೂ ಮಾಡಲ್ಲ" ಎಂದರು ಖಾಲಾ. ಸ್ವಲ್ಪ ಯೋಚಿಸಿ, "ವಜೂ ಮಾಡ್ತೀನಲ್ಲ, ನಮಾಜಿಗೆ ಮೊದ್ಲು ಕೈಕಾಲು ಮುಖ ತೊಳೆಯೋದು? ಕೆಳಗೆ ಬೋಗಾಣಿ ಇಟ್ಕೊಂಡಿರ್ತೀನಿ. ಆ ನೀರು ಕರಿಬೇವಿಗೆ ಹೋಗ್ತೈತೆ. ನಮ್ಮಪ್ಪ ಹರಿಹರದಾಗೆ ಹೊಳೆ ಪಕ್ಕಾನೇ ಕೂತು ವಜೂ ಮಾಡೋರು, ಒಂದೇ ಚೊಂಬು ನೀರಿನಾಗೆ. ಅಷ್ಟು ನೀರು ಹರಿಯೋವಾಗ ಯಾಕಪ್ಪ ಅಂದ್ರೆ, ಅದು ಹೊಳೆ ನೀರು, ನನ್ನದು ಒಂದು ಚೊಂಬು ಅಂತಿದ್ರು."

"ಹಸಿ ಕಸ?"

"ಒಡಕು ಮಡಿಕೆಗೆ ಹಾಕ್ತೀನಿ, ಮ್ಯಾಲೆ ಗೋಣಿ ದೂಳು."

ಚೀಲ ಹೊಲಿಯುವಾಗ ಉದುರುವ ನಾರು, ಅದೇ ಗೋಣಿ ದೂಳು. ಒಂದು ಪದರ ಸಿಪ್ಪೆ, ಒಂದು ಪದರ ನಾರು. ಮಡಕೆಯ ಮುಚ್ಚಳ ತೆಗೆದು ತೋರಿಸಿದರು. ಮೊದಲ ಮಳೆ ಬಿದ್ದ ಹೊಲದ ವಾಸನೆ. ನನ್ನ ಡ್ರಮ್ಮಿನಲ್ಲಿ ಉಪ್ಪಿನಕಾಯಿ ರಸ, ಹಳಸಿದ ಸಾರು ಎಲ್ಲ ಬಿದ್ದು ಹುಳು ಆಡುತ್ತಿದ್ದವು.

ಬರೆಯುತ್ತಾ ಹೋದೆ. ಪ್ರತಿ ಉತ್ತರಕ್ಕೂ ನನ್ನ ಅಕ್ಷರ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಖಾಲಾ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿದರು. ಕಪ್ಪು ಗುರುತಿನ ನಡುವೆ ಬಿಳಿ ಗೆರೆ, ಎರಡು ಹೊಲಗಳ ನಡುವಿನ ಬದುವಿನಂತೆ.

"ಕೊಟ್ಟು ಬರ್ತೀಯಲ್ಲ ಬೇಟಿ?"

"ಹೂಂ ಖಾಲಾ."

ಕೊಡಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಅವರೇ ಹೊಲಿದುಕೊಟ್ಟ ಆ ಕೈಚೀಲದ ತಳಕ್ಕೆ ಹಾಕಿದೆ. ಮರೆತೆ ಅಂತ ಹೇಳಿಕೊಳ್ಳಬಹುದು. ಮರೆತಿರಲಿಲ್ಲ. ದಿನಾ ಶಾಲೆಗೆ ಹೋಗುವಾಗ ವಾರ್ಡ್ ಆಫೀಸಿನ ಮುಂದೆಯೇ ಹಾದುಹೋಗುತ್ತಿದ್ದೆ. ಖಾಲಾ ಎರಡು ಸಲ ಕೇಳಿದರು. "ಕೊಟ್ಟೀನಿ" ಎಂದೆ, ಎರಡು ಸಲವೂ.

ಎಂಟನೆಯ ದಿನ, ಭಾನುವಾರ, ಅವ್ವ ತರಕಾರಿಗೆಂದು ಆ ಚೀಲ ಕೊಡವಿದಳು. ಕಾಗದ ಬಿತ್ತು. ಅವ್ವನಿಗೆ ಅಕ್ಷರ ಬರುವುದಿಲ್ಲ. ಬಿಚ್ಚಿ, ಮೇಲೆ ಕೆಳಗೆ ನೋಡಿದಳು. ಹೆಬ್ಬೆಟ್ಟಿನ ಮೇಲೆ ಅವಳ ಬೆರಳು ನಿಂತಿತು.

"ಈ ಸೀಳು ಬೆರಳು ಯಾರ್ದು?"

ನಾನು ಕಾಗದಕ್ಕೆ ಕೈ ಚಾಚಿದೆ.

"ನಿಂಗೆ ಓದೋಕೆ ಕೋಣೆ ಕೊಟ್ಟೋಳ್ದು" ಎಂದಳು. ಬೈಯಲಿಲ್ಲ. ಕಾಗದವನ್ನು ಸೆರಗಿನಿಂದ ಉಜ್ಜಿ ಸುಕ್ಕು ತೆಗೆದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು. ಆ ಹೊತ್ತು ನಾನು ಅನ್ನ ಕಲೆಸಿದೆ, ತಿನ್ನಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಹೋಗಿ ಅರ್ಜಿ ಕೊಟ್ಟೆ. ಕೊನೆಯ ದಿನ ಅದು. ಅರ್ಜಿ ತೆಗೆದುಕೊಂಡವರು, "ಇಷ್ಟು ತಡ ಯಾಕ್ ಮಾಡಿದ್ರಿ ಮೇಡಂ?" ಎಂದರು. ಶಾಲೆಗೆ ಹೊತ್ತಾಯಿತು ಎಂದು ಹೊರಟುಬಂದೆ.

ಹೆಲ್ತ್ ಇನ್ಸ್‌ಪೆಕ್ಟರ್ ಮೊದಲು ನಮ್ಮ ಮನೆಗೆ ಬಂದರು. ಮೂರು ಡಬ್ಬಿ ನೋಡಿ ತಲೆದೂಗಿದರು. ಡ್ರಮ್ಮಿನ ಮುಚ್ಚಳ ಎತ್ತಿದವರು ಹಾಗೇ ಮುಚ್ಚಿ, ಕರವಸ್ತ್ರ ತೆಗೆದರು. "ಪ್ರಯತ್ನ ಮಾಡ್ತಿದೀರಿ, ಛಲೋ" ಎಂದರು. ಆಮೇಲೆ ಪಕ್ಕದ ಮನೆ. ಅವ್ವ ನನ್ನನ್ನೂ ಜೊತೆಗೆ ತಳ್ಳಿದಳು.

"ಕಸದ ಡಬ್ಬಿ ಎಲ್ಲೈತ್ರಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಇಲ್ರಿ ಸಾಹೇಬ್ರ" ಎಂದರು ಖಾಲಾ, ತಪ್ಪು ಮಾಡಿದವರ ಹಾಗೆ.

"ಮತ್ತೆ ಕಸ ಎಲ್ಲಿ ಹಾಕ್ತೀರಿ?"

ಖಾಲಾ ಸುತ್ತಲೂ ನೋಡಿದರು, ನನ್ನ ಕಡೆ ನೋಡಿದರು. "ಯಾವ ಕಸ?" ಎಂದರು.

ಅವರು ನಿಜವಾಗಿ ಕೇಳಿದ್ದು. ಇನ್ಸ್‌ಪೆಕ್ಟರ್ ನಗುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಮಡಕೆ, ಬೋಗಾಣಿ, ಕರಿಬೇವು, ಕಿಟಕಿಯ ಚೀಲ ಎಲ್ಲ ನೋಡಿ, ಬಹಳ ಹೊತ್ತಾದ ಮೇಲೆ ಹೊರಗೆ ಬಂದರು. ಯಾವ ಮನೆ ಮೊದಲು ಬರುತ್ತದೆಂದು ಆಗಲೇ ನನಗೆ ಗೊತ್ತಾಗಿತ್ತು. ಹೊಟ್ಟೆಯಲ್ಲಿ ಆ ಮೆಣಸಿನಕಾಯಿ ಚೀಲವನ್ನೇ ಯಾರೋ ಒದ್ದೆ ಮಾಡಿ ಕಟ್ಟಿದಂತಿತ್ತು.

ಆ ಎಂಟು ದಿನಗಳ ಮಾತನ್ನು ನಾನು ಖಾಲಾಗೆ ಹೇಳಲೇ ಇಲ್ಲ. ಅವ್ವನೂ ಹೇಳಿಲ್ಲ. ಹೋದ ವರ್ಷ ಹರಿಹರದ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ನೋಡಲು ಹೋದಾಗ ಆ ಸರ್ಟಿಫಿಕೇಟ್ ಗೋಡೆಯಲ್ಲಿತ್ತು, ಮೂಲೆಯಲ್ಲಿ ಅರಿಶಿನದ ಕಲೆ. ಲ್ಯಾಮಿನೇಷನ್ ಮಾಡಿಸೋಣ ಎಂದು ಮಗಳು ಕೇಳಿದರೆ, "ಅದಕ್ಕೂ ಪ್ಲಾಸ್ಟಿಕ್ ಯಾಕ?" ಎಂದು ಬೈದಿದ್ದರಂತೆ. ಅವರ ಮಡಕೆ ಈಗ ನಮ್ಮ ಮನೆಯಲ್ಲಿದೆ. ಗೋಣಿ ದೂಳನ್ನು ನಾನೇ ಮಂಡಿಪೇಟೆಯಿಂದ ಕೇಳಿ ತರುತ್ತೇನೆ. ಆದರೂ ನನ್ನ ಗೊಬ್ಬರಕ್ಕೆ ಅವರದರ ವಾಸನೆ ಬಂದಿಲ್ಲ. ಅದಕ್ಕೂ ಒಳಗೆ ಸ್ವಲ್ಪ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಆ ಸರ್ಟಿಫಿಕೇಟ್ ಕೊಟ್ಟದ್ದು ವಾರ್ಡಿನ ಪಾರ್ಕಿನಲ್ಲಿ, ಶಾಮಿಯಾನದ ಕೆಳಗೆ. ಖಾಲಾನ ಹೆಸರು ಕೂಗಿದಾಗ ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದು ಬರದ ಹಾಗೆ. ಖಾಲಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದರು, ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡರು, ಇಳಿದು ನೇರ ನಾನು ಕೂತಲ್ಲಿಗೆ ಬಂದರು.

"ಓದು ಬೇಟಿ. ಏನ್ ಬರೆದಾರೆ?"

ಹಿಂದೆ ಮುಂದೆ ಕೂತವರೆಲ್ಲ ತಿರುಗಿದರು. ಎದ್ದು ನಿಂತು ಓದತೊಡಗಿದೆ. ಖಾಲಾನ ಹೆಸರು ಓದಿದೆ, ಓಣಿಯ ಹೆಸರು ಓದಿದೆ. "ಇವರ ಮನೆಯು ಈ ವಾರ್ಡಿನ ಪ್ರಥಮ ಮಾದರಿ ಮನೆ" ಎಂಬಲ್ಲಿಗೆ ಬರುವಷ್ಟರಲ್ಲಿ ದನಿ ನನಗೇ ಕೇಳದಷ್ಟು ಇಳಿದಿತ್ತು.

ಹಿಂದಿನ ಕುರ್ಚಿಯಿಂದ ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಯಾಕ, ದನಿ ಇಳೀತು? ಅವತ್ತು ಆಕಿ ನಿನ್ನ ಡಿಗ್ರಿ ಕಾಗದ ಓದ್ಸಿದ್ಲಲ್ಲ, ಹಂಗೆ ಓದು. ಜೋರಾಗಿ."